ನಲವತ್ತನೇ ಸೆಂಟಿಮೀಟರು

ರಾತ್ರಿ ಎಂಟರ ಮೇಲೆ ಏನೂ ತಿನ್ನಬಾರದೆಂಬ ಚೀಟಿಯನ್ನು
ಫ್ರಿಜ್ಜಿನ ಬಾಗಿಲಿಗೇ ಅಂಟಿಸಿದ್ದಳು ದೊಬ್ರಾವಾ,
ಜಪ್ತಿಯಾದ ಮನೆಗೆ ನೋಟೀಸು ಹಚ್ಚಿದ ಹಾಗೆ.
ಎಂಟಕ್ಕೆ ಐದು ನಿಮಿಷವಿತ್ತು.
ಹುಳಿ ಬರಿಸಿದ ರೈ ಹಿಟ್ಟಿನ ಸಾರು, ಆಲೂಗಡ್ಡೆ, ಎರಡು ತುಂಡು ಸಾಸೇಜು
ನಿಂತೇ ಉಂಡು ಗಡಿಯಾರ ನೋಡಿದೆ.
ಆಮೇಲೆ ಇಡೀ ರಾತ್ರಿ ಗಡಿಯಾರ ನನ್ನನ್ನು ನೋಡಿತು.

"ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತೀ, ಹುಣ್ಣಾಗದೆ ಇನ್ನೇನು,"
ಅಂದಳು ಕತ್ತಲಲ್ಲಿ, ಮಗ್ಗುಲು ಬದಲಿಸುತ್ತ.
ಅಣ್ಣನ ವಿಷಯ. ಅವನು ಮಾರಿದ ಅಪ್ಪನ ಗ್ಯಾರೇಜು,
ನನಗೆ ಬಾರದ ಅರ್ಧ.
ಹೊಟ್ಟೆಗೆಲ್ಲಿ ಹಾಕಿಕೊಂಡೆ? ಬಾಯಲ್ಲೇ ಇಟ್ಟುಕೊಂಡಿದ್ದೆ
ಹದಿನಾಲ್ಕು ವರ್ಷ, ನುಂಗದೆ, ಉಗುಳದೆ.

ನನ್ನ ಕೆಲಸ ಹೇಳಿಬಿಡುತ್ತೇನೆ, ನಗಬೇಡಿ.
ಪೋಲೆಂಡಿನ ವುಚ್ ನಗರದ ಚರಂಡಿಗಳಿಗೆ
ಕ್ಯಾಮೆರಾ ಇಳಿಸುವವನು ನಾನು, ಝೆಮೊವಿತ್.
ರಸ್ತೆಯ ಮುಚ್ಚಳ ಎತ್ತಿ, ಕೇಬಲು ಬಿಟ್ಟು,
ವ್ಯಾನಿನಲ್ಲಿ ಕೂತು ಪರದೆ ನೋಡುವುದು.
ಕೇಬಲಿನ ಇನ್ನೊಂದು ತುದಿ ಸೆವೆರಿನ್‌ನ ಕೈಲಿ.
ಇಪ್ಪತ್ತೆರಡು ವರ್ಷದಲ್ಲಿ ಏನೆಲ್ಲ ಕಂಡಿಲ್ಲ:
ಗಿರಣಿಗಳ ಕಾಲದ ಇಟ್ಟಿಗೆ ಕಮಾನು,
ನೀರಿನಾಸೆಗೆ ಗೋಡೆ ಸೀಳಿ ಬಂದ ಲಿಂಡನ್ ಮರದ ಬೇರು,
ಒಮ್ಮೆ ಒಂದು ಹಲ್ಲುಕಟ್ಟು,
ಕೆಸರಲ್ಲಿ ಒಬ್ಬಂಟಿ, ಯಾರಿಗೋ ನಗುತ್ತ.

ಇವತ್ತು ನನ್ನ ಹಲ್ಲುಕಟ್ಟು ಉಕ್ಕಿನ ಬಟ್ಟಲಲ್ಲಿ.

ನರ್ಸು ಗಂಟಲಿಗೆ ಚಿಮುಕಿಸಿದ್ದು
ಬಾಳೆಹಣ್ಣಿನ ಸುಳ್ಳು ಹೇಳುವ ಕಹಿ.
ಎರಡು ನಿಮಿಷದಲ್ಲಿ ನಾಲಿಗೆ ಪಕ್ಕದ ಮನೆಯವರದಾಯಿತು.
ಎಡ ಮಗ್ಗುಲು. ಮೊಣಕಾಲು ಮಡಚಿ. ಗದ್ದ ಎದೆಗೆ.
ಹಲ್ಲುಗಳಿಗೆ, ಹಲ್ಲಿದ್ದ ಜಾಗಕ್ಕೆ, ಒಂದು ಪ್ಲಾಸ್ಟಿಕ್ ಬಳೆ.
"ನುಂಗಿ," ಅಂದರು ಡಾಕ್ಟರ್ ಒಟಿಲಿಯಾ. ನನ್ನ ಮಗಳ ವಯಸ್ಸು.
ಕೈಯಲ್ಲಿದ್ದದ್ದು ನಮ್ಮ ಕೇಬಲಿನ ತಮ್ಮ.

ನುಂಗಲಿಲ್ಲ.
ಗಂಟಲು ಬೇಡವೆಂದಿತು, ಹೊಟ್ಟೆ ಬೇಡವೆಂದಿತು,
ಕಣ್ಣು ಮೂಗು ಬಾಯಿ ಒಟ್ಟಿಗೇ ಕಟ್ಟೆ ಒಡೆದವು.
ಭುಜದ ಮೇಲೆ ನರ್ಸಿನ ಅಂಗೈ ಮಾತ್ರ,
ಬೆದರಿದ ಕುದುರೆಯನ್ನು ಸವರುವ ಹಾಗೆ:
ಉಸಿರಾಡಿ. ಮೂಗಿನಲ್ಲಿ. ಮತ್ತೆ. ಇನ್ನೊಂದು ಸಲ.

ಅಷ್ಟರಲ್ಲಿ ಪರದೆ.
ಒದ್ದೆ, ನಸುಗೆಂಪು, ಮಡಿಕೆ ಮಡಿಕೆ,
ಐವತ್ತಾರು ವರ್ಷ ಕತ್ತಲಲ್ಲಿ ದುಡಿದ ಜಾಗಕ್ಕೆ
ಮೊದಲ ಸಲ ದೀಪ.
ನಾಚಿಕೆಯಾಯಿತು, ಗುಡಿಸದ ಮನೆಗೆ ನೆಂಟರು ಬಂದಷ್ಟು.
"ನಲವತ್ತು," ಅಂದರು ಡಾಕ್ಟರು.
ಅವರಿಗೆ ಸೆಂಟಿಮೀಟರು, ನಮಗೆ ಮೀಟರು, ಅಷ್ಟೇ.
ಅಲ್ಲಿ, ಬಾಗಿಲಿನಂಥ ತಿರುವಿನ ಹತ್ತಿರ, ಒಂದು ತೇಪೆ,
ಇರಬೇಕಾದ್ದಕ್ಕಿಂತ ಕೆಂಪು.
ಕ್ಯಾಮೆರಾ ನಿಂತಿತು.
ಕ್ಯಾಮೆರಾ ನಿಲ್ಲುವುದೆಂದರೆ ಏನೆಂದು
ಈ ಕೋಣೆಯಲ್ಲಿ ನನಗೂ ಗೊತ್ತು.

ಸಣ್ಣ ಇಕ್ಕಳ ಬಂತು. ಒಂದು ಚೂರು ಕಿತ್ತಿತು. ನೋಯಲಿಲ್ಲ.
ನೊಂದಿದ್ದರೆ ಚೆನ್ನಾಗಿತ್ತು.

ವರದಿಯ ಕೊನೆಗೆ: ಮಾದರಿ ಕಳಿಸಿದೆ. ಮೂರು ವಾರ. ಕಾದು ನೋಡುವುದು.
ಎಷ್ಟು ಬೀದಿಗಳಿಗೆ ಬರೆದಿದ್ದೇನೆ ಇದೇ ಎರಡು ಪದ,
ಚಹಾ ಹೀರುತ್ತ, ಪೆನ್ನಿನ ಹಿಂಬದಿ ಕಚ್ಚುತ್ತ:
ಎಡ ಗೋಡೆ, ಬಿರುಕು, ಕಾದು ನೋಡುವುದು.
ಆಗ ಮೇಲೆ ಯಾರೋ ಮಗುವಿಗೆ ಸ್ನಾನ ಮಾಡಿಸುತ್ತಿದ್ದರು,
ನೀರು ನಮ್ಮ ಪರದೆಯ ಮೇಲೆ ನೊರೆನೊರೆಯಾಗಿ ಹೋಯಿತು.

ಹೊರಗೆ ನವೆಂಬರು. ಸೆವೆರಿನ್ ಕಾಗದದಲ್ಲಿ ಬನ್ನು ಸುತ್ತಿ ತಂದಿದ್ದ.
"ಬೇರು ಸಿಕ್ಕಿತೇ?"
"ಚಿಕ್ಕದು."
ಇನ್ನೊಂದು ಗಂಟೆ ತಿನ್ನುವ ಹಾಗಿಲ್ಲ, ಜೇಬಿಗೆ ಹಾಕಿಕೊಂಡೆ, ಬಿಸಿಯಿತ್ತು.
ಟ್ರಾಮ್ ಕಾಯುತ್ತ ಅಣ್ಣನ ಹೆಸರು ಹೇಳಿ ನೋಡಿದೆ.
ಮರಗಟ್ಟಿದ ನಾಲಿಗೆಯಲ್ಲಿ ಅದು
ಯಾರದೋ ಎಳೆಮಗುವಿನ ಹೆಸರಾಗಿತ್ತು.

ಫುಟ್‌ಪಾತಿನ ಮೇಲೊಂದು ಮುಚ್ಚಳ, ಕಬ್ಬಿಣದ್ದು,
ನಾನೇ ಹತ್ತು ಸಲ ಎತ್ತಿದ್ದು.
ಇವತ್ತು ತುಳಿಯದೆ ಸುತ್ತಿ ನಡೆದೆ.