ಹೆಣ್ಣಿನ ಹೆಸರು ಮೊದಲು

ಏಪ್ರಿಲಿನಲ್ಲಿ ಮೂರು ದಿನ ಕಾರವಾರಕ್ಕೆ ಕರೆಂಟಿರಲಿಲ್ಲ.
ತಂಪುಪೆಟ್ಟಿಗೆ ಸತ್ತು
ಬಾಟಲಿಗಳ ಹತ್ತಿಬಿರಡೆ ಬೆವರಿ
ರವೆ ಬೆಲ್ಲದ ಗಂಜಿ ಹುಳಿಹುಳಿ ನಾರಿತು.
ನಾನು ಅಟೆಂಡರು. ಗಂಜಿ ಕಾಯಿಸುವವಳು, ಗಾಜು ತೊಳೆಯುವವಳು.
ನೊಣಗಳ ಲೆಕ್ಕ ಗುನಗಿ ಮೇಡಮ್ಮಿನದು.

ಗಂಡು, ಅಮದಳ್ಳಿಯ ಗೇರುಹಣ್ಣಿನ ಕೊಳೆಯಿಂದ
ನಾನೇ ಹಿಡಿದು ತಂದದ್ದು.
ಹೆಣ್ಣು, ಎಪ್ಪತ್ತು ವರ್ಷದಿಂದ ಬಾಟಲಿಯಿಂದ ಬಾಟಲಿಗೆ
ಅಂಚೆಯಲ್ಲಿ ಊರೂರು ದಾಟಿ ಬಂದ ಕುಲ,
ಹೊರಗಿನ ಹಣ್ಣು ಮೂಸಿದ್ದಿಲ್ಲ.
ಸಂಸಾರ ಸುಸೂತ್ರ. ಮಕ್ಕಳೂ ಹುಟ್ಟಿದವು,
ಕೆಂಪು ಕಣ್ಣು, ನೆಟ್ಟಗಿನ ರೆಕ್ಕೆ.
ಎರಡು ವಾರ ಕಳೆದು ಆ ಹೆಣ್ಣುಮಕ್ಕಳ ಹೊಟ್ಟೆ ಬಿಡಿಸಿ
ಮಸೂರದಡಿ ಇಟ್ಟರೆ
ತತ್ತಿ ಇರಬೇಕಾದಲ್ಲಿ ಎರಡು ಎಳೆ ನೂಲು.

‘ಸೆಖೆಗೆ’ ಎಂದೆ.
ಮೇಡಂ ಪಕ್ಕದ ಬಾಟಲಿ ಎತ್ತಿ ತೋರಿಸಿದರು:
ಅದೇ ಸೆಖೆ, ಅದೇ ಗಂಜಿ,
ಗಂಡು ಬಾಟಲಿಯದು, ಹೆಣ್ಣು ಗೇರುಹಕ್ಕಲಿನದು.
ಮೊಮ್ಮಕ್ಕಳು ಬಿಳಿ ಹುಳವಾಗಿ
ಗಿಜಿಗಿಜಿ ಗಾಜು ಹತ್ತುತ್ತಿದ್ದವು.

ಹಲಗೆಯ ಮೇಲೆ ಹಣ ಎಂದು ಬರೆದು
ನಡುವೆ ಒಂದು ರ ತುರುಕಿದರು.
ಹರಣ.
‘ಜಿಗಿಯುವ ತುಣುಕು ಹೀಗೆ, ಮೋಹಿನಿ.
ಎಲ್ಲೆಂದರಲ್ಲಿ ಕೂರುತ್ತದೆ,
ಎದ್ದು ಹೋದರೂ ಗೀರು ಉಳಿಯುತ್ತದೆ.
ಬೇರೆ ಜಾತಿಯ ನೊಣದಿಂದ ಬಂತಂತೆ, ಯಾವುದೋ ನುಸಿಯ ಬಾಯಲ್ಲಿ.
ಹೊರಗಿನ ತಾಯಿಗೆ ಅದರ ಗುರುತಿದೆ,
ತತ್ತಿಯ ತೇವದಲ್ಲೇ ಚೀಟಿ ಇಟ್ಟು ಕಳಿಸುತ್ತಾಳೆ:
ಇದು ಬಂದರೆ ಕೂರಿಸು, ಕುಣಿಯಬಿಡಬೇಡ.
ಬಾಟಲಿಯ ತಾಯಿ ಪಾಪ, ಅದನ್ನು ಕಂಡೇ ಇಲ್ಲ.’

ನೌಕಾನೆಲೆಗೆ ಊರು ಬಿಟ್ಟುಕೊಟ್ಟು
ತೋಡೂರಿನ ಕಾಲೋನಿಗೆ ಬರುವಾಗ
ನಾನು ಆಯಿಯ ಹೊಟ್ಟೆಯಲ್ಲಿ.
ಆ ದಂಡೆ ನಾನು ಕಂಡವಳಲ್ಲ.
ಆದರೂ ಯಾವ ಬಂಡೆಯ ಹಿಂದೆ ಬಲೆ ಸಿಕ್ಕಿ ಹರಿಯುತ್ತದೆ,
ಯಾವ ಗಾಳಿಗೆ ದೋಣಿ ಇಳಿಸಬಾರದು,
ಕೇಳಿ, ನಿದ್ದೆಯಲ್ಲೂ ಹೇಳುತ್ತೇನೆ.
ಪರಿಹಾರದ ಪಟ್ಟಿಯಲ್ಲಿದ್ದದ್ದು ಅಪ್ಪನ ಹೆಸರೊಂದೇ.
ಆ ಹಣ...
ಹೋಗಲಿ.

ಕರೆಂಟು ಈಗಲೂ ಹೋಗಿ ಬಂದು ಮಾಡುತ್ತದೆ.
ಹೊಸ ಬಾಟಲಿಗೆ ಚೀಟಿ ಅಂಟಿಸುತ್ತೇನೆ.
ನೊಣದ ಶಾಸ್ತ್ರದಲ್ಲಿ ನನಗೆ ಗೊತ್ತಿರುವ ನಿಯಮ ಒಂದೇ:
ಗುಣಾಕಾರದ ಗುರುತಿನ ಎಡಕ್ಕೆ ಹೆಣ್ಣು,
ಆಮೇಲೆ ಗಂಡು.
ಅಮದಳ್ಳಿ × ಕಾಲೇಜು,
ಬರೆದು, ಶಾಯಿ ಆರಲೆಂದು ಊದುತ್ತೇನೆ.