ಒರೆ

ಸೀಸೆಯೊಳಗಿರುವುದು ಚಿನ್ನ ಅಂದರೆ ಅಪ್ಪ ನಂಬಲಿಲ್ಲ.
ಹದಿನಾಲ್ಕು ವರ್ಷ ಇನಂಬಾರಿಯ ಮರಳು ಜಾಲಿಸಿದ ಮನುಷ್ಯ,
"ಇದು ಬೀಟ್‌ರೂಟ್ ಬೇಯಿಸಿದ ನೀರು" ಅಂದ.

ತೀರಾ ಸಣ್ಣಗೆ ಒಡೆದರೆ ಚಿನ್ನ ಹಳದಿ ಬಿಡುತ್ತದೆ, ಅಪ್ಪ,
ಕೆಂಪಗೆ ನಾಚುತ್ತದೆ.
ಒಂದು ಕೂದಲಿನ ಅಗಲಕ್ಕೆ ಐದು ಸಾವಿರ ಕಣ.
"ಒಟ್ಟು ತೂಕ?"
ಅಕ್ಕಿ ನುಚ್ಚಿಗೂ ಬಾರದು.
"ಒಣಗಿಸಿ ಮಾರಿದರೆ?"
ದೋಣಿಗೆ ಒಂದು ಗುಟುಕು ಪೆಟ್ರೋಲು.
ನಕ್ಕ. ನಗುವಾಗಲೂ ಅವನ ಕೈ ನಡುಗುತ್ತದೆ.

ಅಡುಗೆಮನೆಯಲ್ಲೇ ಸುಡುತ್ತಿದ್ದ, ಮೊಟ್ಟೆ ಹುರಿಯುವ ಬಾಣಲೆಯಲ್ಲಿ.
ಪಾದರಸ ಹೊಗೆಯಾಗಿ ತಾಳೆಗರಿಯ ಸೂರಿಗೆ ಏರುತ್ತಿತ್ತು,
ತಳದಲ್ಲಿ ಬಟಾಣಿಯಷ್ಟು ಬಂಗಾರ.
ಅದೇ ಬಾಣಲೆ ತೊಳೆದು ಅಮ್ಮ ಬಾಳೆಕಾಯಿ ಕರಿದಳು.
ಯಾರು ಕಂಡಿದ್ದರು,
ಈ ರಸಕ್ಕೆ ಪಾದವಿದೆ, ನಡೆದು ಹೋಗುತ್ತದೆಂದು:
ಹೊಳೆಗೆ, ಪಾಚಿಗೆ, ಪಾಚಿ ಮೇಯುವ ಮರಿಮೀನಿಗೆ,
ಅದನ್ನು ನುಂಗುವ ಸುಂಗಾರೊ ಮೀನಿನ ಕೊಬ್ಬಿದ ಮಾಂಸಕ್ಕೆ,
ತಂಗಿ ಎವೆಲಿಯಾಳ ಬಸಿರಿಗೆ.

ಲೋಕ ಚಿನ್ನವನ್ನು ಕಲ್ಲಿಗೆ ಉಜ್ಜಿ ನೋಡುತ್ತಿತ್ತು.
ನಾನು ನೀರನ್ನು ಚಿನ್ನಕ್ಕೆ ಉಜ್ಜುತ್ತೇನೆ.

ಬಾವಿ: ಕೆಂಪು. ಶಾಲೆಯ ನಲ್ಲಿ: ಕೆಂಪು.
ಮಳೆನೀರಿನ ಪೀಪಾಯಿ: ಕೆಂಪೇ.
ನಾಲ್ಕನೆಯದಕ್ಕೆ ತಾನೇ ಹನಿ ಬಿಡುತ್ತೇನೆಂದು ಹಟ ಹಿಡಿದ.
ಮೂರು ಹನಿ ಬೇಕಿತ್ತು. ಐದು ಬಿದ್ದವು,
ಆರನೆಯದು ಮೇಜಿನ ಮೇಲೆ.
ಎಣಿಸಿದೆ, ಏನೂ ಅನ್ನಲಿಲ್ಲ.
ಕೆಂಪು ಮಸುಕಾಯಿತು. ನೇರಳೆ. ಆಮೇಲೆ
ಜಜ್ಜಿಹೋದ ಉಗುರಿನ ನೀಲಿ.
ಚೀಟಿ ತಿರುಗಿಸಿ ಓದಿದ: 'ಕಸಿಯಾನೊನ ಗುಂಡಿ.'
ತಾನೇ ತೋಡಿದ್ದು. ಹೆಸರು ಊರಿನವರು ಇಟ್ಟದ್ದು.
ಈಗ ಅದರಲ್ಲಿ ಹುಡುಗರು ಈಜುತ್ತಾರೆ.

ಮಧ್ಯಾಹ್ನ ಒಂದು ಬಾಲ್ದಿ ಗುಂಡಿನೀರಿಗೆ
ಗಂಧಕ ಲೇಪಿಸಿದ ಕಬ್ಬಿಣದ ಕರಿಪುಡಿ ಕಲಕಿದೆವು,
ಕಣ್ಣಿಗೆ ಒಂದೊಂದಾಗಿ ಸಿಗದಷ್ಟು ನವಿರು.
ಹಾಳಾದ ರೇಡಿಯೋದ ಅಯಸ್ಕಾಂತ ಹಿಡಿದು
ಅಪ್ಪ ಬಾಲ್ದಿಯ ಪಕ್ಕ ಕುಕ್ಕರಗಾಲಲ್ಲಿ ಕಾದ.
ವಿಷ ಹೊತ್ತ ಪುಡಿ
ಗೂಡಿಗೆ ಮರಳುವ ಜೇನಿನ ಹಾಗೆ ಅವನ ಕೈಯತ್ತ ಬಂತು.
ಮೇಲಿನ ನೀರು ಬಸಿದು ಮತ್ತೆ ಒರೆಗೆ ಹಚ್ಚಿದೆ.
ಕೆಂಪು ಕೆಂಪಾಗಿಯೇ ಉಳಿಯಿತು.

ಒಂದು ಬಾಲ್ದಿ.
ಅವನು ಗುಂಡಿಯ ಕಡೆ ನೋಡಿದ. ಇನ್ನೆಷ್ಟು ಬಾಲ್ದಿ ಅಂತ ಕೇಳಲಿಲ್ಲ,
ಮರಳು ಹೊತ್ತವನಿಗೆ ಆ ಲೆಕ್ಕ ಬರುತ್ತದೆ.
ಕೇಳಿದ್ದು ಇಷ್ಟೇ:
"ಈ ಕಪ್ಪನ್ನು ಎಲ್ಲಿ ಚೆಲ್ಲುವುದು?"

ಎಲ್ಲೂ ಚೆಲ್ಲುವಂತಿಲ್ಲ.
ಬಿಗಿ ಮುಚ್ಚಳದ ಡಬ್ಬಿ ತಂದುಕೊಟ್ಟೆ.
ತುಂಬಿ, ಮುಚ್ಚಿ,
ಮೇಲೆ ತನ್ನ ಹೆಸರನ್ನೇ ಬರೆದ.
ಅಕ್ಷರಗಳು ಅಲುಗಾಡಿದವು.