ಎಣ್ಣೆ ಕುಡಿದ ಪುಟ

ಚಮನ್‌ಸಾಬರ ಗಾಡಿಯಲ್ಲಿ ಮಿರ್ಚಿಗೆ ಸುತ್ತುವ ಕಾಗದ
ಯಾವುದೋ ಹಳೇ ಇಂಗ್ಲಿಷ್ ಪ್ರವಾಸದ ಕಥೆಯದು.
ರಟ್ಟಿಲ್ಲ, ಹೆಸರಿಲ್ಲ, ಬರೆದವನ ಪತ್ತೆಯಿಲ್ಲ.
ಕಾಲೇಜಿನವರು ತೂಕಕ್ಕೆ ಹಾಕಿ,
ಚೌಕಿಪೇಟೆಯ ರದ್ದಿ ಅಂಗಡಿ ದಾಟಿ ಬಂದದ್ದು,
ಕಿಲೋಗೆ ಹದಿನಾಲ್ಕು.

ಆಫೀಸು ಬಿಟ್ಟ ಮೇಲೆ ದಿನಾ ಒಂದು ಪುಟ ತಿನ್ನುತ್ತೇನೆ,
ಅಂದರೆ ಓದುತ್ತೇನೆ.
ನೂರಾ ಹನ್ನೆರಡಾದ ಮೇಲೆ ಮೂವತ್ತೊಂದು,
ಆಮೇಲೆ ಇನ್ನೂರರ ಆಸುಪಾಸು.
ಹಡಗು ಮೊದಲು ಒಡೆಯುತ್ತದೆ, ಆಮೇಲೆ ಹೊರಡುತ್ತದೆ.
ಈಜಿ ದಡ ಸೇರಿದವನು
ಮರುದಿನ ತಾಯಿಗೆ ಕೈಬೀಸುತ್ತಾನೆ.
ಬಿ.ಎ.ಯಲ್ಲಿ ಎರಡು ಸಲ ಕೈಕೊಟ್ಟ ಇಂಗ್ಲಿಷು
ಮಿರ್ಚಿಯ ಜೊತೆ ಯಾಕೋ ಸಲೀಸಾಗಿ ಇಳಿಯುತ್ತದೆ.

ಒಂದು ದ್ವೀಪದಲ್ಲಂತೆ
ನ್ಯಾಯಾಧೀಶರನ್ನು ತಕ್ಕಡಿಯಲ್ಲಿ ಕೂರಿಸಿ ನೇಮಿಸುತ್ತಾರೆ,
ಉಂಡ ಮೇಲೆ.
ಇನ್ನೊಂದರಲ್ಲಿ ಸೇತುವೆಗೆ ಮೊದಲು ಉದ್ಘಾಟನೆ,
ವರ್ಷ ಬಿಟ್ಟು ಕಲ್ಲು,
ಹೊಳೆ ಮಂಜೂರಾಗುವುದು ಕಟ್ಟಕಡೆಗೆ.
ಮಂತ್ರಿಗಳ ನೆರಳು ಹೊರಲು ಆಳುಗಳಿದ್ದಾರೆ.
ನೆತ್ತಿಯ ಮೇಲೆ ಸೂರ್ಯ ಬಂದು ನೆರಳು ಕುಗ್ಗಿದರೆ
ಆಳಿನ ಕೂಲಿ ಮುರಿಯುತ್ತಾರೆ.

ನಕ್ಕು ನಕ್ಕು ಖಾರ ನೆತ್ತಿಗೇರಿತು.
'ಏನ್ ಸಾರ್ ಬರ್ದಾನ?' ಸಾಬರು ಜಾಲರಿ ಕೊಡವಿದರು.
'ಪರದೇಶದೋರು ಎಂಥ ಹುಚ್ರು ಅಂತ.'
'ನಮ್ಮ ದಾವಣಗೆರೆಗೆ ಬಂದಿಲ್ಲೇನು ಅವ?'
'ಹಡಗು ಬರಾಕ ಸಮುದ್ರ ಎಲ್ಲೈತಿ ಸಾಬ್ರೇ?'
'ಭದ್ರಾ ಚಾನಲ್ ಐತಲ್ಲ' ಅಂದರು,
ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಎಣ್ಣೆ ಕುಡಿದ ಪುಟ ಗಾಜಾಗುತ್ತದೆ.
ಈ ಬದಿಯ ದೊರೆಯ ಎದೆಯ ಮೇಲೆ
ಆ ಬದಿಯ ಹಂದಿ ಹಿಂದುಮುಂದಾಗಿ ನಡೆಯುತ್ತದೆ.
ಬೀದಿದೀಪಕ್ಕೆ ಹಿಡಿದೆ:
ಸಾಲುಗಳ ಸಂದಿಯಲ್ಲಿ ನಮ್ಮದೇ ರಸ್ತೆ,
ಮುಚ್ಚಿದ ಹತ್ತಿ ಮಿಲ್ಲಿನ ಚಿಮಣಿ,
ವಾರ್ಡು ಮೆಂಬರನ ಹುಟ್ಟುಹಬ್ಬದ ಫ್ಲೆಕ್ಸು,
ಅವನ ಮೊಣಕಾಲಿನ ಹತ್ತಿರ ಅಂಚೆಚೀಟಿಯಷ್ಟೇ ಅಭಿಮಾನಿಗಳು.
ಆ ದ್ವೀಪದ ಸೇತುವೆ
ಅಳತೆ ತೆಗೆದು ಮಾಡಿಸಿದ ಹಾಗೆ
ನಮ್ಮ ರೈಲ್ವೆ ಗೇಟಿನ ಮೇಲೆ ಕೂತಿತು.
ಅದಕ್ಕೂ ನಕ್ಕೆ.

ಮಂಗಳವಾರ ಸಿಕ್ಕಿದ್ದು ಗುಮಾಸ್ತರ ದೇಶ.
ಅಲ್ಲಿ ಎಡಗಿವಿ ನಾಣ್ಯದ ಸದ್ದಿಗೆ,
ಬಲಗಿವಿ ಸಾಹೇಬರ ಕೆಮ್ಮಿಗೆ.
ಜನರ ಮಾತಿಗೆ ಮೂರನೆಯದೊಂದು ಕಿವಿ ಬೇಕೆಂದು
ಅರ್ಜಿ ಹೋಗಿದೆ.
ಅದನ್ನು ಓದಬೇಕಾದವನೂ ಗುಮಾಸ್ತನೇ.

ಎರಡು ಲೋಟ ನೀರು ಕುಡಿದೆ.
ಬರೆಯುವವರಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ ಎನಿಸಿತು.
ಯಾರ ಮೇಲಿನ ಹೊಟ್ಟೆಯುರಿಯೋ,
ಏನು ಕೆಲಸ ಆಗದೆ ವಾಪಸು ಬಂದಿದ್ದನೋ ಪಾಪ.
ಆ ಪುಟವನ್ನು ಮಾತ್ರ ಮುದ್ದೆ ಮಾಡಿ ಎಸೆದೆ.

ನಿನ್ನೆ ಸಾಬರು ನನ್ನ ಕಂಡದ್ದೇ,
'ಆ ಬುಕ್ಕು ತೀರಿತು ಸಾರ್. ಹೊಸಾ ರದ್ದಿ ಬಂದೈತಿ,
ಕನ್ನಡದ್ದು. ಓದಾಕ ನಿಮಗೂ ಸಲೀಸು.'

ಬಿಡಿಸಿದೆ.
ಮೇಲೆ ನೇರಳೆ ಸೀಲು, ನಮ್ಮ ಕಚೇರಿಯದು.
'ವಿಧವಾ ವೇತನ ಕೋರಿ.
ಕೊಟ್ರಬಸಮ್ಮ, ಆನೆಕೊಂಡ.
ಇದು ನಾನು ಕೊಡುತ್ತಿರುವ ಐದನೇ ಅರ್ಜಿ ಸ್ವಾಮಿ.'
ಕೊನೆಯಲ್ಲಿ ಹೆಬ್ಬೆಟ್ಟು.
ಅಂಚಿನಲ್ಲಿ ಓರೆಯಾಗಿ, ಅವಸರದ ಕೈಬರಹ:
'ಪರಿಶೀಲಿಸಿ ಕಡತಕ್ಕೆ ಸೇರಿಸಿದೆ.'
ಅದರ ಕೆಳಗೆ ನನ್ನ ಗಿಡ್ಡ ಸಹಿ,
ಬಾಲ ಸಮೇತ.

ಎಣ್ಣೆ ನಿಧಾನಕ್ಕೆ ಹೆಬ್ಬೆಟ್ಟಿನ ಕಡೆ ಹರಿಯುತ್ತಿತ್ತು.
ಗೆರೆಯೊಳಗೆ ಗೆರೆ, ಗೆರೆಯೊಳಗೆ ಗೆರೆ,
ನಾವಿಕನೊಬ್ಬ ಬರೆದಿಟ್ಟ ದ್ವೀಪದ ನಕ್ಷೆಯ ಹಾಗೆ.
ಬಂದರು ಎಲ್ಲಿದೆ ಕಾಣಲಿಲ್ಲ.

'ಯಾಕ್ ಸಾರ್, ಇದ್ರಾಗ ನಗೋದು ಏನೂ ಇಲ್ಲೇನು?'

ಕಾಗದ ಎಳೆದುಕೊಂಡು ಮಿರ್ಚಿಯನ್ನು ಬರಿಗೈಲಿ ಹಿಡಿದೆ.
ಸುಡುತ್ತಿತ್ತು.
'ತಡೀರಿ, ಇನ್ನೊಂದು ಹಾಳೆ ಕೊಡ್ತೀನಿ'
ಸಾಬರು ಬುಟ್ಟಿಗೆ ಕೈ ಹಾಕಿದರು.

ಬುಟ್ಟಿ ತುಂಬ ಇತ್ತು.